ಆರು ಗ್ರಂಥಗಳಿಗೆ ಒಂದು ಹೆಸರು: 'ಸಿಹಾಹುಸ್ಸಿತ್ತ' ರೂಪುಗೊಂಡ ಬಗೆ

ಪ್ರವಾದಿವರ್ಯರ(ಸ) ವಚನವೊಂದನ್ನು ಯಾರಾದರೂ ಉಲ್ಲೇಖಿಸಿದಾಗ ನಮ್ಮ ಮನೆಗಳಲ್ಲಿ, ಮಸೀದಿಯ ಅಂಗಳದಲ್ಲಿ, ಈಗೀಗ ಮೊಬೈಲ್ ಸಂದೇಶಗಳ ನಡುವೆಯೂ ಒಂದು ಪ್ರಶ್ನೆ ಏಳುತ್ತದೆ: "ಇದು ಸಿಹಾಹುಸ್ಸಿತ್ತದಲ್ಲಿ ಇದೆಯೇ?" ಇದೆ ಎಂಬ ಉತ್ತರ ಬಂದರೆ ಮಾತು ಅಲ್ಲಿಗೆ ಮುಗಿಯುತ್ತದೆ, ಮುಂದೆ ವಿಚಾರಿಸುವ ಅಗತ್ಯವೇ ಇಲ್ಲವೆಂದು ನಾವು ಭಾವಿಸುತ್ತೇವೆ. ಇಲ್ಲ ಎಂಬ ಉತ್ತರ ಬಂದರೂ ಮಾತು ಅಲ್ಲಿಗೇ ಮುಗಿಯುತ್ತದೆ. ಹಾಗಾದರೆ ಅದು ನಂಬತಕ್ಕದ್ದಲ್ಲವೆಂದು ತೀರ್ಮಾನಿಸಿಬಿಡುತ್ತೇವೆ.

ಈ ಎರಡೂ ತೀರ್ಮಾನಗಳು ಒಂದು ಹೆಸರಿನ ಮೇಲೆ ನಿಂತಿವೆ. ಉರ್ದು ಮಾತನಾಡುವ ನಮ್ಮವರು ಅದನ್ನು 'ಸಿಹಾಹೆ ಸಿತ್ತ' ಎನ್ನುತ್ತಾರೆ. ಅರಬಿ ರೂಪವನ್ನು ಅನುಸರಿಸುವವರು 'ಸಿಹಾಹುಸ್ಸಿತ್ತ' ಎನ್ನುತ್ತಾರೆ. 'ಸಿಹಾಹ್' ಎಂಬುದು 'ಸಹೀಹ್' ಎಂಬುದರ ಬಹುವಚನ. 'ಸಿತ್ತ' ಎಂದರೆ ಆರು. ಆರು ಸಹೀಹ್ ಗ್ರಂಥಗಳು ಎಂಬುದು ಅದರ ನೇರ ಅರ್ಥ. ಆದರೆ ಈ ಹೆಸರನ್ನು ಇಟ್ಟವರು ಯಾರು? ಆ ಗ್ರಂಥಗಳನ್ನು ಬರೆದ ಮಹನೀಯರೇ ಇಟ್ಟರೇ? ಆರು ಎಂಬ ಸಂಖ್ಯೆ ಮೊದಲಿನಿಂದಲೂ ಇದ್ದುದೇ? ಆರನ್ನೂ 'ಸಹೀಹ್' ಎಂದು ಕರೆಯುವುದರ ತಾತ್ಪರ್ಯವೇನು? ಈ ಪ್ರಶ್ನೆಗಳಿಗೆ ಇತಿಹಾಸದಲ್ಲಿ ಸ್ಪಷ್ಟವಾದ ಉತ್ತರಗಳಿವೆ. ಅವುಗಳನ್ನು ಅರಿಯುವುದರಿಂದ ಆ ಗ್ರಂಥಗಳ ಮೇಲಿನ ನಮ್ಮ ಗೌರವವು ಕಡಿಮೆಯಾಗುವುದಿಲ್ಲ. ಅದು ಸರಿಯಾದ ನೆಲೆಗೆ ಬರುತ್ತದೆ.

ಆರು ಮಂದಿ, ಆರು ಊರುಗಳು

ಮೊದಲಿಗೆ ಆ ಆರು ಮಂದಿಯನ್ನು ನೆನೆಯೋಣ. ಇಮಾಮ್ ಬುಖಾರಿ(ರ) ಹಿಜರಿ 194ರಲ್ಲಿ ಬುಖಾರದಲ್ಲಿ ಜನಿಸಿ ಹಿ. 256ರಲ್ಲಿ (ಕ್ರಿ.ಶ. 870) ನಿಧನರಾದರು. ನೈಸಾಬೂರಿನ ಇಮಾಮ್ ಮುಸ್ಲಿಮ್(ರ) ಅವರ ನಿಧನ ಹಿ. 261ರಲ್ಲಿ (ಕ್ರಿ.ಶ. 875). ಕಝ್ವೀನ್ ಪಟ್ಟಣದ ಇಮಾಮ್ ಇಬ್ನು ಮಾಜಃ(ರ) ಹಿ. 273ರಲ್ಲಿಯೂ (ಕ್ರಿ.ಶ. 887), ಸಿಜಿಸ್ತಾನದಲ್ಲಿ ಹುಟ್ಟಿ ಬಸರದಲ್ಲಿ ನೆಲೆಸಿದ ಇಮಾಮ್ ಅಬೂದಾವೂದ್(ರ) ಹಿ. 275ರಲ್ಲಿಯೂ (ಕ್ರಿ.ಶ. 889), ತಿರ್ಮಿದ್ ಪಟ್ಟಣದ ಇಮಾಮ್ ತಿರ್ಮಿದಿ(ರ) ಹಿ. 279ರಲ್ಲಿಯೂ (ಕ್ರಿ.ಶ. 892) ತೀರಿಕೊಂಡರು. ಕೊನೆಯವರು ನಸಾ ಎಂಬ ಊರಿನ ಇಮಾಮ್ ನಸಾಈ(ರ). ಅವರ ನಿಧನ ಹಿ. 303ರಲ್ಲಿ (ಕ್ರಿ.ಶ. 915).

ಬುಖಾರ ಮತ್ತು ತಿರ್ಮಿದ್ ಇಂದಿನ ಉಜ್ಬೇಕಿಸ್ತಾನದಲ್ಲಿವೆ. ನೈಸಾಬೂರ್ ಮತ್ತು ಕಝ್ವೀನ್ ಇರಾನಿನಲ್ಲಿವೆ. ನಸಾ ಇದ್ದುದು ಇಂದಿನ ತುರ್ಕ್‌ಮೆನಿಸ್ತಾನದಲ್ಲಿ. ಸಿಜಿಸ್ತಾನವು ಇರಾನ್ ಮತ್ತು ಅಫ್ಘಾನಿಸ್ತಾನಗಳ ಗಡಿಯಲ್ಲಿ ಹರಡಿಕೊಂಡಿದ್ದ ಪ್ರಾಂತ. ಆರು ಮಂದಿಯಲ್ಲಿ ಒಬ್ಬರ ಹುಟ್ಟೂರೂ ಮಕ್ಕಾ ಅಥವಾ ಮದೀನಾ ಅಲ್ಲವೆಂಬುದು ಗಮನಾರ್ಹ. ಪ್ರವಾದಿವರ್ಯರ(ಸ) ವಚನಗಳನ್ನು ಅರಸುತ್ತಾ ಈ ದೂರದೂರುಗಳ ಮಕ್ಕಳು ಇರಾಕ್, ಹಿಜಾಝ್, ಶಾಮ್, ಈಜಿಪ್ಟ್‌ಗಳಿಗೆ ನಡೆದರು.

ಇವರ ನಡುವೆ ನಿಜವಾದ ನಂಟೂ ಇತ್ತು. ಇಮಾಮ್ ಮುಸ್ಲಿಮ್ ಮತ್ತು ಇಮಾಮ್ ತಿರ್ಮಿದಿ ಇಬ್ಬರೂ ಇಮಾಮ್ ಬುಖಾರಿಯವರಿಂದ ಕಲಿತವರು. ಬಸರದಲ್ಲಿ 'ಬುಂದಾರ್' ಎಂಬ ಉಪನಾಮದಿಂದ ಪ್ರಸಿದ್ಧರಾಗಿದ್ದ ಮುಹಮ್ಮದ್ ಇಬ್ನು ಬಶ್ಶಾರ್(ರ) ಎಂಬ ವಿದ್ವಾಂಸರಿದ್ದರು, ಹಿ. 252ರಲ್ಲಿ (ಕ್ರಿ.ಶ. 866) ನಿಧನರಾದರು. ಆರೂ ಮಂದಿ ಅವರಿಂದ ನೇರವಾಗಿ ಹದೀಸ್ ಕೇಳಿ ಬರೆದುಕೊಂಡಿದ್ದಾರೆ. ಒಂದೇ ಕಾಲ, ಒಂದೇ ವಿದ್ಯೆ, ಹಂಚಿಕೊಂಡ ಗುರುಗಳು: ಒಂದೇ ಹೆಸರಿನಡಿ ಸೇರಲು ಇಷ್ಟು ಸಂಬಂಧ ಸಾಕಿತ್ತು. ಆದರೂ ತಮ್ಮ ಆರು ಗ್ರಂಥಗಳನ್ನು ಮುಂದೊಂದು ದಿನ ಒಂದು ಗುಂಪಾಗಿ ಎಣಿಸುತ್ತಾರೆಂಬುದು ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಆ ಕೆಲಸ ಅವರು ಕಾಲವಾದ ನಂತರ ನಡೆಯಿತು.

ಅವರು ತಮ್ಮ ಗ್ರಂಥಗಳ ಬಗ್ಗೆ ಹೇಳಿಕೊಂಡದ್ದು

ಆರು ಗ್ರಂಥಗಳಲ್ಲಿ ಸಹೀಹ್ ಹದೀಸ್‌ಗಳನ್ನು ಮಾತ್ರ ಸಂಗ್ರಹಿಸುವ ಸಂಕಲ್ಪದಿಂದ ರಚಿತವಾದವು ಎರಡೇ: ಬುಖಾರಿ ಮತ್ತು ಮುಸ್ಲಿಮ್. ಇಮಾಮ್ ಬುಖಾರಿಯವರು ಆರು ಲಕ್ಷದಷ್ಟು ವರದಿಗಳಿಂದ ಆರಿಸಿ, ಹದಿನಾರು ವರ್ಷಗಳ ಪರಿಶ್ರಮದಿಂದ ತಮ್ಮ ಗ್ರಂಥವನ್ನು ಸಿದ್ಧಪಡಿಸಿದರೆಂದು ಅವರಿಂದಲೇ ವರದಿಯಾಗಿದೆ. ಇಲ್ಲಿ ಲಕ್ಷ ಎಂದು ಎಣಿಸುವುದು ಬೇರೆ ಬೇರೆ ವಚನಗಳನ್ನಲ್ಲ. ಒಂದೇ ವಚನವು ಹತ್ತು ಪರಂಪರೆಗಳಿಂದ ಬಂದಿದ್ದರೆ ಅದನ್ನು ಹತ್ತು ಎಂದೇ ಎಣಿಸುತ್ತಿದ್ದರು. ಇಮಾಮ್ ಇಬ್ನುಸ್ಸಲಾಹ್(ರ) ಅವರ ಎಣಿಕೆಯಂತೆ ಸಹೀಹುಲ್ ಬುಖಾರಿಯಲ್ಲಿ 7,275 ಹದೀಸ್‌ಗಳಿವೆ. ಪುನರಾವರ್ತನೆಗಳನ್ನು ಬಿಟ್ಟರೆ ಸುಮಾರು 4,000. ಗ್ರಂಥವು ದೀರ್ಘವಾಗಬಾರದೆಂದು ತಾನು ಅನೇಕ ಸಹೀಹ್ ಹದೀಸ್‌ಗಳನ್ನು ಕೈಬಿಟ್ಟಿರುವುದಾಗಿಯೂ ಇಮಾಮ್ ಬುಖಾರಿ ಹೇಳಿದ್ದರು. ತನ್ನ ಬಳಿಯಿರುವ ಎಲ್ಲ ಸಹೀಹ್‌ಗಳನ್ನೂ ಇಲ್ಲಿ ಸೇರಿಸಿಲ್ಲವೆಂದು ಇಮಾಮ್ ಮುಸ್ಲಿಮ್ ಕೂಡ ಸ್ಪಷ್ಟಪಡಿಸಿದ್ದರು. ತಮ್ಮ ಗ್ರಂಥದ ಹೊರಗೆ ಸಹೀಹ್ ಇಲ್ಲವೆಂಬ ಮಾತನ್ನು ಇಬ್ಬರೂ ಹೇಳಲಿಲ್ಲ.

ಉಳಿದ ನಾಲ್ವರ ಉದ್ದೇಶ ಬೇರೆಯಾಗಿತ್ತು. ಕರ್ಮಶಾಸ್ತ್ರದ ವಿದ್ವಾಂಸರು ಯಾವ ಯಾವ ಹದೀಸ್‌ಗಳನ್ನು ಆಧಾರವಾಗಿ ಬಳಸುತ್ತಿದ್ದಾರೆಂದು ದಾಖಲಿಸುವುದು ಅವರ ಮುಖ್ಯ ಕಾಳಜಿ. ಇಮಾಮ್ ಅಬೂದಾವೂದ್ ಅವರು ಮಕ್ಕಾದ ಜನರಿಗೆ ಬರೆದ ಪತ್ರವೊಂದು ಇಂದಿಗೂ ಉಳಿದಿದೆ. ಅದರಲ್ಲಿ ತಮ್ಮ 'ಸುನನ್' ಗ್ರಂಥದಲ್ಲಿ ಸುಮಾರು 4,800 ಹದೀಸ್‌ಗಳಿವೆ, ಅವುಗಳಲ್ಲಿ ತೀವ್ರವಾದ ದೌರ್ಬಲ್ಯವಿರುವುದನ್ನು ತಾನೇ ಎತ್ತಿ ತೋರಿಸಿದ್ದೇನೆ ಎಂದು ಅವರು ವಿವರಿಸಿದ್ದಾರೆ. ಅಂದರೆ ಆ ಗ್ರಂಥದಲ್ಲಿ ದುರ್ಬಲ ವರದಿಗಳೂ ಇವೆಯೆಂದು ಗ್ರಂಥಕರ್ತರೇ ಓದುಗರಿಗೆ ಮುಂಚಿತವಾಗಿ ತಿಳಿಸಿದ್ದಾರೆ. ಇಮಾಮ್ ತಿರ್ಮಿದಿಯವರಂತೂ ಹದೀಸ್ ಉಲ್ಲೇಖಿಸಿದ ನಂತರ ಅದು ಸಹೀಹ್, ಹಸನ್ ಅಥವಾ ಗರೀಬ್ ಎಂದು ದರ್ಜೆಯನ್ನು ಹೇಳುತ್ತಾ ಹೋಗುತ್ತಾರೆ. ಎಷ್ಟೋ ಕಡೆ ಈ ಪರಂಪರೆ ಬಲವಾದುದಲ್ಲ ಎಂದು ತಾವೇ ಬರೆಯುತ್ತಾರೆ. ತಮ್ಮ ಗ್ರಂಥದಲ್ಲಿರುವುದೆಲ್ಲವೂ ಒಂದೇ ದರ್ಜೆಯದೆಂದು ಓದುಗರು ಭಾವಿಸಬಾರದೆಂಬ ಎಚ್ಚರ ಅವರಿಗಿತ್ತು.

ನಾಲ್ಕು, ಐದು, ಆರು

ಹಾಗಿದ್ದರೆ ಈ ಗ್ರಂಥಗಳು ಒಂದಾಗಿ ಎಣಿಸಲ್ಪಟ್ಟದ್ದು ಹೇಗೆ? ಹಿಜರಿ ನಾಲ್ಕನೆಯ ಶತಮಾನದ ಹೊತ್ತಿಗೆ ಹದೀಸ್ ಗ್ರಂಥಗಳ ಸಂಖ್ಯೆ ಬಹಳವಾಗಿತ್ತು. ಎಲ್ಲವನ್ನೂ ಓದಲು ಒಂದು ಆಯುಸ್ಸು ಸಾಲದು. ಎಲ್ಲಿಂದ ಆರಂಭಿಸಬೇಕೆಂದು ವಿದ್ಯಾರ್ಥಿಗಳು ಕೇಳತೊಡಗಿದರು. ಈಜಿಪ್ಟಿನಲ್ಲಿ ನೆಲೆಸಿದ್ದ ಹಾಫಿಝ್ ಇಬ್ನುಸ್ಸಕನ್(ರ) (ನಿಧನ ಹಿ. 353, ಕ್ರಿ.ಶ. 964) ಅವರ ಬಳಿ ಕೆಲವರು ಇದೇ ಪ್ರಶ್ನೆಯೊಂದಿಗೆ ಬಂದರು. ಅವರು ಒಳಗೆ ಹೋಗಿ ನಾಲ್ಕು ಗ್ರಂಥಗಳ ಕಟ್ಟುಗಳನ್ನು ತಂದು ಒಂದರ ಮೇಲೊಂದು ಇಟ್ಟು, ಇವೇ ಮೂಲಾಧಾರಗಳೆಂದು ತೋರಿಸಿದರಂತೆ. ಆ ನಾಲ್ಕು: ಬುಖಾರಿ, ಮುಸ್ಲಿಮ್, ಅಬೂದಾವೂದ್ ಮತ್ತು ನಸಾಈ. ಅದೇ ಶತಮಾನದ ಕೊನೆಯಲ್ಲಿ ನಿಧನರಾದ ಇಬ್ನು ಮಂದಃ(ರ) (ಹಿ. 395) ಕೂಡ ಇದೇ ನಾಲ್ಕು ಮಂದಿಯನ್ನು ಹೆಸರಿಸಿದರು. ಆ ಪಟ್ಟಿಯಲ್ಲಿ ತಿರ್ಮಿದಿ ಇಲ್ಲ, ಇಬ್ನು ಮಾಜಃ ಇಲ್ಲ.

ಅನಂತರ ತಿರ್ಮಿದಿಯೂ ಸೇರಿ ಐದಾಯಿತು. ಈ ಐದರ ಎಣಿಕೆ ಬಹುಕಾಲ ಉಳಿಯಿತು. ಬಗ್ದಾದಿನಲ್ಲಿ ನಿಧನರಾದ ಇಮಾಮ್ ಹಾಝಿಮಿ(ರ) (ನಿಧನ ಹಿ. 584, ಕ್ರಿ.ಶ. 1188) ಬರೆದ ಕೃತಿಯ ಹೆಸರು 'ಶುರೂತುಲ್ ಅಇಮ್ಮತಿಲ್ ಖಮ್ಸ', ಅಂದರೆ ಐದು ಇಮಾಮರ ನಿಬಂಧನೆಗಳು. ಡಮಾಸ್ಕಸ್‌ನ ಇಬ್ನುಸ್ಸಲಾಹ್ (ನಿಧನ ಹಿ. 643, ಕ್ರಿ.ಶ. 1245) ಹದೀಸ್ ಶಾಸ್ತ್ರದ ಬಗ್ಗೆ ಬರೆದ ಪ್ರಸಿದ್ಧ 'ಮುಕದ್ದಿಮ'ದಲ್ಲಿ ಐದು ಗ್ರಂಥಗಳ ಕರ್ತೃಗಳನ್ನೇ ಉಲ್ಲೇಖಿಸಿದರು. ನಮ್ಮ ಮನೆಗಳಲ್ಲಿ 'ರಿಯಾದುಸ್ಸಾಲಿಹೀನ್' ಮೂಲಕ ಚಿರಪರಿಚಿತರಾದ ಇಮಾಮ್ ನವವಿ(ರ) (ನಿಧನ ಹಿ. 676, ಕ್ರಿ.ಶ. 1277) ಕೂಡ ಐದು ಮೂಲಗ್ರಂಥಗಳೆಂದೇ ಬರೆದರು.

ಆದರೆ ಹಾಝಿಮಿಯವರಿಗಿಂತ ಮೊದಲೇ ಇನ್ನೊಬ್ಬ ವಿದ್ವಾಂಸರು ಆರನ್ನು ಎಣಿಸಿದ್ದರು. ಬೈತುಲ್ ಮಕ್ದಿಸ್‌ನಲ್ಲಿ ಹುಟ್ಟಿದ ಮುಹಮ್ಮದ್ ಇಬ್ನು ತಾಹಿರ್ ಅಲ್ ಮಕ್ದಿಸಿ(ರ) (ನಿಧನ ಹಿ. 507, ಕ್ರಿ.ಶ. 1113) 'ಶುರೂತುಲ್ ಅಇಮ್ಮತಿಸ್ಸಿತ್ತ' ಎಂಬ ಕೃತಿಯನ್ನು ಬರೆದರು: ಆರು ಇಮಾಮರ ನಿಬಂಧನೆಗಳು. ಐದರ ಜೊತೆಗೆ ಇಬ್ನು ಮಾಜಃರ 'ಸುನನ್' ಅನ್ನು ಆರನೆಯದಾಗಿ ಸೇರಿಸಿದ ಮೊದಲಿಗರು ಇವರೆಂದು ಹದೀಸ್ ಇತಿಹಾಸಕಾರರು ಹೇಳುತ್ತಾರೆ. ಇಬ್ನು ಮಾಜಃ ನಿಧನರಾಗಿ ಆಗ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಒಂದೇ ವಿಷಯದ ಎರಡು ಕೃತಿಗಳ ಹೆಸರಿನಲ್ಲಿ ಒಮ್ಮೆ ಆರು, ಮುಕ್ಕಾಲು ಶತಮಾನದ ಬಳಿಕ ಐದು! ಸಂಖ್ಯೆ ಇನ್ನೂ ಗಟ್ಟಿಯಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆರನೆಯ ಸ್ಥಾನದ ಚರ್ಚೆ

ಆರು ಎಂಬ ಸಂಖ್ಯೆಯನ್ನು ಒಪ್ಪಿದವರಲ್ಲಿಯೂ ಆರನೆಯದು ಯಾವುದು ಎಂಬ ಬಗ್ಗೆ ಭಿನ್ನಾಭಿಪ್ರಾಯವಿತ್ತು. ಅಂದಲುಸಿನ ಸರಕುಸ್ತದಿಂದ ಬಂದು ಮಕ್ಕಾದಲ್ಲಿ ನೆಲೆಸಿದ್ದ ರಝೀನ್ ಇಬ್ನು ಮುಆವಿಯ(ರ) ಹಿಜರಿ ಆರನೆಯ ಶತಮಾನದಲ್ಲಿ ಆರು ಗ್ರಂಥಗಳ ಹದೀಸ್‌ಗಳನ್ನು ಒಟ್ಟುಗೂಡಿಸಿ ಒಂದು ಸಂಗ್ರಹವನ್ನು ರಚಿಸಿದರು. ಅದರಲ್ಲಿ ಆರನೆಯದು ಇಮಾಮ್ ಮಾಲಿಕ್(ರ) ಅವರ 'ಮುವತ್ತ'. ಇಬ್ನುಲ್ ಅಸೀರ್(ರ) (ನಿಧನ ಹಿ. 606, ಕ್ರಿ.ಶ. 1210) ತಮ್ಮ 'ಜಾಮಿಉಲ್ ಉಸೂಲ್' ಎಂಬ ಬೃಹತ್ ಗ್ರಂಥದಲ್ಲಿ ಇದೇ ಎಣಿಕೆಯನ್ನು ಅನುಸರಿಸಿದರು. ಹಿಜರಿ ಎಂಟನೆಯ ಶತಮಾನದ ಅಲಾಈ(ರ) (ನಿಧನ ಹಿ. 761) ಮುಂತಾದವರು ಆ ಸ್ಥಾನಕ್ಕೆ ಇಮಾಮ್ ದಾರಿಮಿ(ರ) ಅವರ ಗ್ರಂಥವೇ ಹೆಚ್ಚು ಯೋಗ್ಯವೆಂದು ಅಭಿಪ್ರಾಯಪಟ್ಟರು.

ಮುವತ್ತ ಗ್ರಂಥವು ಇಬ್ನು ಮಾಜಃಗಿಂತ ಒಂದು ಶತಮಾನದಷ್ಟು ಹಳೆಯದು. ಅದರ ಪ್ರಾಮಾಣ್ಯವೂ ಉನ್ನತವಾದುದು. ಹಾಗಿದ್ದರೂ ಹೆಚ್ಚಿನವರು ಇಬ್ನು ಮಾಜಃರನ್ನು ಏಕೆ ಆರಿಸಿಕೊಂಡರು? ಕಾರಣವು ಬಹಳ ಪ್ರಾಯೋಗಿಕವಾದುದು. ಮುವತ್ತದಲ್ಲಿರುವ ಪ್ರವಾದಿ ವಚನಗಳಲ್ಲಿ ಹೆಚ್ಚಿನವು ಉಳಿದ ಐದು ಗ್ರಂಥಗಳಲ್ಲಿ ಆಗಲೇ ಬಂದಿದ್ದವು. ಇಬ್ನು ಮಾಜಃರಲ್ಲಿ ಹಾಗಲ್ಲ. ಇಪ್ಪತ್ತನೆಯ ಶತಮಾನದ ಈಜಿಪ್ಟಿನ ವಿದ್ವಾಂಸ ಮುಹಮ್ಮದ್ ಫುಆದ್ ಅಬ್ದುಲ್ ಬಾಕಿ(ರ) ಅವರ ಎಣಿಕೆಯಂತೆ ಅದರ 4,341 ಹದೀಸ್‌ಗಳಲ್ಲಿ 3,002 ಉಳಿದ ಐದು ಗ್ರಂಥಗಳಲ್ಲಿಯೋ ಅವುಗಳಲ್ಲಿ ಕೆಲವದರಲ್ಲಿಯೋ ಸಿಗುತ್ತವೆ, 1,339 ಹೆಚ್ಚುವರಿಯಾಗಿವೆ. ಓದುಗರಿಗೆ ಹೊಸದಾಗಿ ಸಿಗುವ ಹದೀಸ್‌ಗಳು ಹೆಚ್ಚು ಇದ್ದುದರಿಂದ ಇಬ್ನು ಮಾಜಃ ಆರನೆಯವರಾದರು.

ಈ ಹಂತದಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಆರನೆಯ ಗ್ರಂಥದ ಆಯ್ಕೆಗೆ ಮುಖ್ಯ ಕಾರಣವಾದುದು ಅದರ ಪ್ರಯೋಜನ. ಪ್ರಾಮಾಣ್ಯದಲ್ಲಿ ಅದು ಮುವತ್ತಕ್ಕಿಂತ ಮೇಲೆಂದು ಆಯ್ಕೆ ಮಾಡಿದವರು ಹೇಳಲಿಲ್ಲ. ಆದರೆ 'ಆರು ಸಹೀಹ್‌ಗಳು' ಎಂಬ ಹೆಸರನ್ನು ಮಾತ್ರ ಕೇಳಿದವರಿಗೆ ಈ ಸಂಗತಿ ತಿಳಿಯುವುದಿಲ್ಲ.

ಹೆಸರು ನೆಲೆಗೊಂಡ ದಾರಿ

ಯಾವುದೇ ಸಭೆ ಸೇರಿ, ಮತ ಹಾಕಿ, ಈ ಆರನ್ನು ನಿರ್ಧರಿಸಲಿಲ್ಲ. ಯಾವ ಖಲೀಫನೂ ಆಜ್ಞೆ ಹೊರಡಿಸಲಿಲ್ಲ. ಹೆಸರು ನೆಲೆಗೊಂಡದ್ದು ಆಕರ ಗ್ರಂಥಗಳ ಮೂಲಕ.

ಹದೀಸ್‌ನ ಪ್ರಾಮಾಣ್ಯವನ್ನು ಅಳೆಯಬೇಕಾದರೆ ಅದರ ಪರಂಪರೆಯಲ್ಲಿರುವ ಪ್ರತಿಯೊಬ್ಬ ವರದಿಗಾರನ ಜೀವನ, ಗುರುಗಳು, ಶಿಷ್ಯರು, ಸ್ಮರಣಶಕ್ತಿ ಮತ್ತು ಸತ್ಯಸಂಧತೆ ತಿಳಿದಿರಬೇಕು. ಸಾವಿರಾರು ವರದಿಗಾರರ ಇಂತಹ ಮಾಹಿತಿಯನ್ನು ಒಂದೆಡೆ ತರುವ ಕೆಲಸಕ್ಕೆ ಒಂದು ಎಲ್ಲೆ ಬೇಕಲ್ಲವೇ? ಅಬ್ದುಲ್ ಗನಿ ಅಲ್ ಮಕ್ದಿಸಿ(ರ) (ನಿಧನ ಹಿ. 600, ಕ್ರಿ.ಶ. 1203) ಆರು ಗ್ರಂಥಗಳನ್ನೇ ಎಲ್ಲೆಯಾಗಿಟ್ಟುಕೊಂಡು 'ಅಲ್ ಕಮಾಲ್' ಎಂಬ ಗ್ರಂಥವನ್ನು ರಚಿಸಿದರು. ಡಮಾಸ್ಕಸ್‌ನ ಹಾಫಿಝ್ ಮಿಝ್ಝಿ(ರ) (ನಿಧನ ಹಿ. 742, ಕ್ರಿ.ಶ. 1341) ಅದನ್ನು ತಿದ್ದಿ ವಿಸ್ತರಿಸಿ 'ತಹ್ದೀಬುಲ್ ಕಮಾಲ್' ಬರೆದರು; ಆಧುನಿಕ ಮುದ್ರಣದಲ್ಲಿ ಅದು 35 ಸಂಪುಟಗಳಷ್ಟಿದೆ. ಅವರ ಶಿಷ್ಯ ಇಮಾಮ್ ದಹಬಿ(ರ) ಅದನ್ನು ಸಂಕ್ಷೇಪಿಸಿದರು. ಇಬ್ನು ಹಜರ್ ಅಸ್ಕಲಾನಿ(ರ) (ನಿಧನ ಹಿ. 852, ಕ್ರಿ.ಶ. 1449) 'ತಹ್ದೀಬುತ್ತಹ್ದೀಬ್' ಮತ್ತು 'ತಕ್ರೀಬ್' ಗ್ರಂಥಗಳನ್ನು ರಚಿಸಿದರು.

ಈ ಗ್ರಂಥಗಳಲ್ಲಿ ಒಂದು ಸರಳ ಉಪಾಯವಿದೆ. ಪ್ರತಿ ವರದಿಗಾರನ ಹೆಸರಿನ ಬಳಿ ಅವನ ವರದಿ ಯಾವ ಗ್ರಂಥದಲ್ಲಿದೆಯೆಂದು ತಿಳಿಸಲು ಒಂದೊಂದು ಅರಬಿ ಅಕ್ಷರ: ಬುಖಾರಿಗೆ ಖಾ, ಮುಸ್ಲಿಮ್‌ಗೆ ಮೀಮ್, ಅಬೂದಾವೂದ್‌ಗೆ ದಾಲ್, ತಿರ್ಮಿದಿಗೆ ತಾ, ನಸಾಈಗೆ ಸೀನ್. ಇಬ್ನು ಮಾಜಃರಿಗೆ ಅವರ ಊರಾದ ಕಝ್ವೀನ್‌ನ ಕಾಫ್. ನಾಲ್ಕು ಸುನನ್‌ಗಳಲ್ಲಿಯೂ ಇದ್ದರೆ 4 ಎಂಬ ಅಂಕಿ. ಆರರಲ್ಲಿಯೂ ಇದ್ದರೆ ಐನ್ ಎಂಬ ಒಂದೇ ಅಕ್ಷರ. ಪುಟ ಪುಟದಲ್ಲಿ ಆ 'ಐನ್' ನೋಡುತ್ತಾ ಬೆಳೆದ ತಲೆಮಾರುಗಳ ವಿದ್ಯಾರ್ಥಿಗಳಿಗೆ ಆರು ಗ್ರಂಥಗಳು ಸಹಜವಾಗಿಯೇ ಒಂದು ಕುಟುಂಬವಾಗಿ ಕಂಡವು. ವಿದ್ವಾಂಸರು ದುಡಿಮೆಯ ಅನುಕೂಲಕ್ಕೆಂದು ಹಾಕಿಕೊಂಡ ಗೆರೆಯೇ ಕ್ರಮೇಣ ಹೆಸರಾಯಿತು.

ಇದೇ ರೀತಿ ನಮ್ಮ ಕಾಲಕ್ಕೆ ಹತ್ತಿರದಲ್ಲಿ ಇನ್ನೊಮ್ಮೆ ನಡೆದಿದೆ. ಹಾಲೆಂಡಿನ ಲೈಡನ್ ನಗರದಿಂದ 1936ರಿಂದ ಸಂಪುಟ ಸಂಪುಟವಾಗಿ ಪ್ರಕಟವಾದ ಹದೀಸ್ ಪದಸೂಚಿಯು ಈ ಆರಕ್ಕೆ ಮುವತ್ತ, ದಾರಿಮಿ ಮತ್ತು ಮುಸ್ನದ್ ಅಹ್ಮದ್ ಅನ್ನೂ ಸೇರಿಸಿ ಒಂಬತ್ತು ಗ್ರಂಥಗಳನ್ನು ಒಳಗೊಂಡಿತು. ಈಗ 'ಅಲ್ ಕುತುಬುತ್ತಿಸ್ಅ', ಅಂದರೆ ಒಂಬತ್ತು ಗ್ರಂಥಗಳು ಎಂಬ ಮಾತು ಕಂಪ್ಯೂಟರ್ ಹುಡುಕಾಟದ ಪಟ್ಟಿಗಳಲ್ಲಿಯೂ ಚಾಲ್ತಿಯಲ್ಲಿದೆ. ಇಲ್ಲಿಯೂ ಸೂಚಿ ಮೊದಲು ಬಂತು, ಹೆಸರು ಅನಂತರ.

ಎಳ್ಳಿಲ್ಲದ ಎಣ್ಣೆ

ಆರು ಗ್ರಂಥಗಳು ಎಂಬುದೇನೋ ಸರಿ. ಎಣಿಸಿದರೆ ಆರೇ ಇವೆ. ಆದರೆ ಆರು 'ಸಹೀಹ್'ಗಳು ಎನ್ನುವುದು ಹೇಗೆ? ಅರಬಿ ಭಾಷೆಯಲ್ಲಿ ಇದಕ್ಕೆ 'ತಗ್ಲೀಬ್' ಎಂಬ ನಿಯಮವಿದೆ. ಗುಂಪಿನಲ್ಲಿ ಪ್ರಬಲವಾದುದರ ಅಥವಾ ಹೆಚ್ಚು ಬಳಕೆಯಲ್ಲಿರುವುದರ ಹೆಸರನ್ನು ಇಡೀ ಗುಂಪಿಗೆ ಕೊಡುವುದೇ ತಗ್ಲೀಬ್. 'ಅಬ್' ಎಂದರೆ ತಂದೆ. ಅದರ ದ್ವಿವಚನವಾದ 'ಅಬವೈನ್' ಎಂಬುದಕ್ಕೆ ತಂದೆ ಮತ್ತು ತಾಯಿ ಎಂಬ ಅರ್ಥ. ಪವಿತ್ರ ಕುರ್‌ಆನಿನ ಸೂರಃ ಅನ್ನಿಸಾದ 11ನೆಯ ಸೂಕ್ತದಲ್ಲಿ ವಾರಸುದಾರಿಕೆಯ ಪಾಲನ್ನು ವಿವರಿಸುವಾಗ ಹೆತ್ತವರಿಬ್ಬರಿಗೂ ಈ ಪದವೇ ಬಂದಿದೆ. ಸೂರ್ಯ ಮತ್ತು ಚಂದ್ರರನ್ನು ಸೇರಿಸಿ 'ಕಮರೈನ್', ಎರಡು ಚಂದ್ರರು, ಎನ್ನುತ್ತಾರೆ. ಅಬೂಬಕ್ರ್(ರ) ಮತ್ತು ಉಮರ್(ರ) ಅವರನ್ನು ಸೇರಿಸಿ 'ಉಮರೈನ್' ಎನ್ನುವುದುಂಟು. ಇದನ್ನು ಕೇಳಿ ಯಾರೂ ಸೂರ್ಯನನ್ನು ಚಂದ್ರನೆಂದು ತಿಳಿಯುವುದಿಲ್ಲ. ತಾಯಿಯನ್ನು ತಂದೆಯೆಂದು ಭಾವಿಸುವುದಿಲ್ಲ.

ನಮ್ಮ ಕನ್ನಡದಲ್ಲಿಯೂ ಹೆಸರುಗಳು ಹೀಗೆ ಹಿಗ್ಗಿವೆ. 'ಎಣ್ಣೆ' ಎಂಬ ಪದವು 'ಎಳ್' ಮತ್ತು 'ನೆಯ್' ಎಂಬ ಎರಡು ಪದಗಳು ಸೇರಿ ಆದುದು. ಎಳ್ಳಿನಿಂದ ತೆಗೆದ ಜಿಡ್ಡಿಗೆ ಮಾತ್ರ ಸಲ್ಲುತ್ತಿದ್ದ ಆ ಹೆಸರು ಕ್ರಮೇಣ ತೆಂಗಿನ ಎಣ್ಣೆ, ಕಡಲೆಕಾಯಿ ಎಣ್ಣೆ, ಹರಳೆಣ್ಣೆ ಎಲ್ಲಕ್ಕೂ ಆಯಿತು. ಕೊನೆಗೆ ಮೂಲದ ಎಳ್ಳಿನದನ್ನೇ ಗುರುತಿಸಲು 'ಎಳ್ಳೆಣ್ಣೆ' ಎಂದು ಇನ್ನೊಮ್ಮೆ ಎಳ್ಳು ಸೇರಿಸಬೇಕಾಯಿತು. ಹೆಸರಿನಲ್ಲಿ ಎಳ್ಳಿದೆಯೆಂದು ತೆಂಗಿನ ಎಣ್ಣೆಯಲ್ಲಿ ಎಳ್ಳನ್ನು ಹುಡುಕುವವರಿಲ್ಲ.

'ಸಿಹಾಹುಸ್ಸಿತ್ತ' ಎಂಬುದೂ ತಗ್ಲೀಬ್‌ನ ಹೆಸರೇ. ಇದನ್ನು ಸ್ಪಷ್ಟವಾಗಿ ಬರೆದವರು ನಮ್ಮ ದೇಶದವರೇ ಆದ ದೆಹಲಿಯ ಶೈಖ್ ಅಬ್ದುಲ್ ಹಕ್ ಮುಹದ್ದಿಸ್(ರ) (1551–1642). ಹದೀಸ್ ಶಾಸ್ತ್ರದ ಬಗ್ಗೆ ಅವರು ಬರೆದ ಚಿಕ್ಕ 'ಮುಕದ್ದಿಮ'ವು ಭಾರತದ ಮದ್ರಸಗಳಲ್ಲಿ 'ಮಿಶ್ಕಾತ್' ಗ್ರಂಥದ ಜೊತೆಗೆ ಓದಲ್ಪಡುತ್ತದೆ. ಬುಖಾರಿ, ಮುಸ್ಲಿಮ್ ಹೊರತು ಉಳಿದ ನಾಲ್ಕರಲ್ಲಿ ಸಹೀಹ್, ಹಸನ್ ಮತ್ತು ದುರ್ಬಲ ಹದೀಸ್‌ಗಳೆಲ್ಲವೂ ಇವೆ. ಆರನ್ನೂ ಸಿಹಾಹ್ ಎನ್ನುವುದು ತಗ್ಲೀಬ್‌ನ ರೀತಿಯಲ್ಲಿ ಎಂದು ಅವರು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿದ್ದಾರೆ.

ಅವರಿಗಿಂತ ಶತಮಾನಗಳ ಹಿಂದೆಯೇ ವಿದ್ವಾಂಸರು ಈ ಎಚ್ಚರವನ್ನು ತೋರಿದ್ದರು. ಅಲೆಕ್ಸಾಂಡ್ರಿಯದ ಹಾಫಿಝ್ ಸಿಲಫಿ(ರ) (ನಿಧನ ಹಿ. 576, ಕ್ರಿ.ಶ. 1180) ಐದು ಗ್ರಂಥಗಳ ಪ್ರಾಮಾಣ್ಯಕ್ಕೆ ಪೂರ್ವ ಪಶ್ಚಿಮಗಳ ವಿದ್ವಾಂಸರೆಲ್ಲರ ಒಪ್ಪಿಗೆಯಿದೆ ಎಂದಾಗ, ಅದು ಸಡಿಲವಾದ ಮಾತೆಂದು ಇಬ್ನುಸ್ಸಲಾಹ್ ತಿದ್ದಿದರು. ಇಮಾಮ್ ಬಗವಿ(ರ) (ನಿಧನ ಹಿ. 516) ತಮ್ಮ 'ಮಸಾಬೀಹ್' ಗ್ರಂಥದಲ್ಲಿ ಬುಖಾರಿ ಮತ್ತು ಮುಸ್ಲಿಮ್‌ನ ಹದೀಸ್‌ಗಳಿಗೆ 'ಸಿಹಾಹ್' ಎಂದೂ ಸುನನ್‌ಗಳಿಂದ ಆರಿಸಿದವುಗಳಿಗೆ 'ಹಿಸಾನ್' ಎಂದೂ ಹೆಸರಿಟ್ಟಾಗ, ಸುನನ್‌ಗಳಲ್ಲಿ ದುರ್ಬಲವಾದವೂ ಇರುವುದರಿಂದ ಆ ಹೆಸರು ಸರಿಹೊಂದದೆಂದು ಇಬ್ನುಸ್ಸಲಾಹ್ ಮತ್ತು ನವವಿ ಆಕ್ಷೇಪಿಸಿದರು. ಹಿರಿಯರನ್ನು ಗೌರವಿಸುತ್ತಲೇ ಅವರ ಹೆಸರುಗಳನ್ನು ಪರಿಶೀಲಿಸುವುದು ನಮ್ಮ ಪರಂಪರೆಗೆ ಹೊಸದಲ್ಲ.

ಹೆಸರು ಮರೆಮಾಡುವ ಎರಡು ಸಂಗತಿಗಳು

ತಗ್ಲೀಬ್‌ನ ಹೆಸರನ್ನು ಅಕ್ಷರಶಃ ತೆಗೆದುಕೊಂಡರೆ ಎರಡು ತಪ್ಪುಗಳಾಗುತ್ತವೆ. ಮೊದಲನೆಯದು, ಆರರ ಒಳಗಿರುವುದೆಲ್ಲವೂ ಸಹೀಹ್ ಎಂದು ನಂಬುವುದು. ಇಬ್ನು ಮಾಜಃರ ಗ್ರಂಥದಲ್ಲಿ ಕಝ್ವೀನ್ ಪಟ್ಟಣದ ಶ್ರೇಷ್ಠತೆಯನ್ನು ವರ್ಣಿಸುವ ಒಂದು ವರದಿಯಿದೆ. ಅದು ಗ್ರಂಥಕರ್ತರ ಹುಟ್ಟೂರೇ ಹೌದು. ಆದರೆ ಇಬ್ನುಲ್ ಜೌಝಿ(ರ) ಅದನ್ನು ಕಲ್ಪಿತ ಹದೀಸ್‌ಗಳ ಸಾಲಿಗೆ ಸೇರಿಸಿದರು. ಆರು ಗ್ರಂಥಗಳ ಸೇವೆಗೆ ಆಯುಸ್ಸನ್ನೇ ಮುಡಿಪಾಗಿಟ್ಟ ಮಿಝ್ಝಿಯವರೂ ಅದನ್ನು ಒಪ್ಪಲಿಲ್ಲ. ಮೇಲೆ ಹೇಳಿದ 1,339 ಹೆಚ್ಚುವರಿ ಹದೀಸ್‌ಗಳಲ್ಲಿ 428 ಸಹೀಹ್, 199 ಹಸನ್, 613 ದುರ್ಬಲ, 99 ತೀರಾ ದುರ್ಬಲ ಅಥವಾ ತಿರಸ್ಕೃತ ಎಂಬುದು ಅಬ್ದುಲ್ ಬಾಕಿಯವರ ಲೆಕ್ಕ. ಪ್ರವಾದಿವರ್ಯರು(ಸ) ಹೇಳದ ಮಾತನ್ನು ಅವರ ಹೆಸರಿನಲ್ಲಿ ಹೇಳುವುದು ಎಂತಹ ಗಂಭೀರ ಅಪರಾಧವೆಂದು ಪ್ರತಿಯೊಬ್ಬ ಮುಸ್ಲಿಮನಿಗೂ ಗೊತ್ತು. ಕೇವಲ ಗುಂಪಿನ ಹೆಸರನ್ನು ನಂಬಿ ಸಂದೇಶವನ್ನು ನೂರು ಜನರಿಗೆ ಕಳುಹಿಸುವ ಮೊದಲು ಈ ಲೆಕ್ಕ ನಮ್ಮ ನೆನಪಿನಲ್ಲಿರಬೇಕು.

ಎರಡನೆಯ ತಪ್ಪು, ಆರರ ಹೊರಗಿರುವುದನ್ನು ಕೈಬಿಡುವುದು. ಉತ್ತಮ ಚಾರಿತ್ರ್ಯವನ್ನು ಪೂರ್ಣಗೊಳಿಸಲಿಕ್ಕಾಗಿಯೇ ತಾನು ನಿಯುಕ್ತನಾಗಿರುವೆನೆಂದು ಪ್ರವಾದಿವರ್ಯರು(ಸ) ಹೇಳಿದ ಹದೀಸನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಮಕ್ಕಳಿಗೆ ಮೊದಲು ಕಲಿಸುವ ವಚನಗಳಲ್ಲಿ ಅದೂ ಒಂದು. ಅದು ಇರುವುದು ಮುಸ್ನದ್ ಅಹ್ಮದ್‌ನಲ್ಲಿ, ಇಮಾಮ್ ಬುಖಾರಿಯವರದೇ ಇನ್ನೊಂದು ಕೃತಿಯಾದ 'ಅಲ್ ಅದಬುಲ್ ಮುಫ್ರದ್'ನಲ್ಲಿ ಮತ್ತು ಮುವತ್ತದಲ್ಲಿ. ಆರು ಗ್ರಂಥಗಳಲ್ಲಿ ಅಲ್ಲ. ಇನ್ನೊಂದು ವಿಷಯ ನೋಡಿ: ಇಬ್ನು ಖುಝೈಮಃ(ರ) (ನಿಧನ ಹಿ. 311) ಮತ್ತು ಇಬ್ನು ಹಿಬ್ಬಾನ್(ರ) (ನಿಧನ ಹಿ. 354) ಸಹೀಹ್ ಹದೀಸ್‌ಗಳನ್ನೇ ಸಂಗ್ರಹಿಸುವ ಉದ್ದೇಶದಿಂದ ಬರೆದ ಗ್ರಂಥಗಳು 'ಸಹೀಹ್' ಎಂದೇ ಪ್ರಸಿದ್ಧವಾಗಿವೆ. ಆದರೂ ಅವು 'ಆರು ಸಹೀಹ್'ಗಳಲ್ಲಿ ಸೇರಿಲ್ಲ. 'ಸುನನ್' ಎಂಬ ಹೆಸರಿನವು ಸಿಹಾಹ್‌ನ ಒಳಗೆ, 'ಸಹೀಹ್' ಎಂಬ ಹೆಸರಿನವು ಅದರ ಹೊರಗೆ! ಗುಂಪಿನ ಹೆಸರನ್ನು ಮಾತ್ರ ಹಿಡಿದು ನಡೆದರೆ ದಾರಿ ತಪ್ಪುವುದು ಎಷ್ಟು ಸುಲಭವೆಂದು ಇದರಿಂದ ಅರಿಯಬಹುದು.

ನಮ್ಮ ನಾಡಿಗೆ ಬಂದ ಹೆಸರು

ಅರಬಿ ವಿದ್ವಾಂಸರಲ್ಲಿ 'ಅಲ್ ಕುತುಬುಸ್ಸಿತ್ತ', ಆರು ಗ್ರಂಥಗಳು, ಎಂಬ ಸರಳ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಭಾರತದಲ್ಲಿ 'ಸಿಹಾಹ್' ಎಂಬ ರೂಪವೇ ಮನೆಮಾತಾಯಿತು. ಭೋಪಾಲದ ನವಾಬ್ ಸಿದ್ದೀಕ್ ಹಸನ್ ಖಾನ್(ರ) (1832–1890) ಈ ಗ್ರಂಥಗಳ ಪರಿಚಯಕ್ಕಾಗಿ ಬರೆದ ಅರಬಿ ಕೃತಿಯ ಹೆಸರಿನಲ್ಲಿಯೇ 'ಸಿಹಾಹುಸ್ಸಿತ್ತ' ಇದೆ. ನಮ್ಮ ಮದ್ರಸಗಳಲ್ಲಿ ಕೊನೆಯ ವರ್ಷದ ಹದೀಸ್ ವ್ಯಾಸಂಗವು ಈ ಆರರ ಸುತ್ತ ನಡೆಯುತ್ತದೆ. ಇಬ್ನು ಹಜರ್ ಅವರ 'ತಹ್ದೀಬುತ್ತಹ್ದೀಬ್' ಇಪ್ಪತ್ತನೆಯ ಶತಮಾನದ ಆರಂಭದಲ್ಲಿ 12 ಸಂಪುಟಗಳಲ್ಲಿ ಅಚ್ಚಾದದ್ದು ಹೈದರಾಬಾದಿನ ದಾಯಿರತುಲ್ ಮಆರಿಫ್‌ನಲ್ಲಿ. ನಮ್ಮ ಕಲಬುರಗಿ, ಬೀದರ್, ರಾಯಚೂರುಗಳು ಆಗ ಅದೇ ಸಂಸ್ಥಾನದ ಭಾಗವಾಗಿದ್ದವು. ಆರು ಗ್ರಂಥಗಳ ವರದಿಗಾರರ ಚರಿತ್ರೆಯು ದಖ್ಖನಿನ ಮುದ್ರಣಾಲಯದಿಂದ ಲೋಕದ ವಿದ್ವಾಂಸರ ಕೈ ಸೇರಿತೆಂಬುದು ನಮಗೆ ಸಂತೋಷದ ಸಂಗತಿ.

ಆದರೆ ಈ ದೇಶದ ವಿದ್ವಾಂಸರು ಹೆಸರನ್ನು ಬಳಸಿದರೂ ಹೆಸರಿಗೆ ಮರುಳಾಗಲಿಲ್ಲ. ಶಾಹ್ ವಲಿಯುಲ್ಲಾಹ್ ದೆಹಲವಿ(ರ) (1703–1762) 'ಹುಜ್ಜತುಲ್ಲಾಹಿಲ್ ಬಾಲಿಗ'ದಲ್ಲಿ ಹದೀಸ್ ಗ್ರಂಥಗಳನ್ನು ದರ್ಜೆಗಳಾಗಿ ವಿಂಗಡಿಸಿದಾಗ ಆರರ ಚೌಕಟ್ಟನ್ನು ಪಾಲಿಸಲೇ ಇಲ್ಲ. ಮೊದಲ ದರ್ಜೆಯಲ್ಲಿ ಅವರು ಮುವತ್ತ, ಬುಖಾರಿ ಮತ್ತು ಮುಸ್ಲಿಮ್‌ಗಳನ್ನಿಟ್ಟರು. ಎರಡನೆಯದರಲ್ಲಿ ಅಬೂದಾವೂದ್, ತಿರ್ಮಿದಿ ಮತ್ತು ನಸಾಈ ಬಂದರು. ಇಬ್ನು ಮಾಜಃರನ್ನು ಅಲ್ಲಿ ಸೇರಿಸಲಿಲ್ಲ.

ಹಾಗಾದರೆ ನಾವು ಈ ಹೆಸರನ್ನು ಬಿಡಬೇಕೇ? ಬಿಡಬೇಕಾಗಿಲ್ಲ. ಶತಮಾನಗಳಿಂದ ಉಮ್ಮತ್ ಪ್ರೀತಿಯಿಂದ ಬಳಸಿದ ಹೆಸರದು. ಆ ಆರು ಗ್ರಂಥಗಳಲ್ಲಿ ಹೆಚ್ಚಿನ ಪಾಲು ಸ್ವೀಕಾರಾರ್ಹವಾದುದೇ ಎಂಬ ಸತ್ಯವನ್ನೂ ಅದು ಹೇಳುತ್ತದೆ. ನಾವು ಮಾಡಬೇಕಾದದ್ದು ಒಂದು ಹೆಜ್ಜೆ ಮುಂದೆ ಹೋಗಿ ಕೇಳುವುದು. "ಸಿಹಾಹುಸ್ಸಿತ್ತದಲ್ಲಿ ಇದೆಯೇ?" ಎಂಬುದರ ಜೊತೆಗೆ "ಯಾವ ಗ್ರಂಥದಲ್ಲಿದೆ? ಅದರ ದರ್ಜೆಯ ಬಗ್ಗೆ ವಿದ್ವಾಂಸರು ಏನು ಹೇಳಿದ್ದಾರೆ?" ಎಂದೂ ಕೇಳೋಣ. ಉತ್ತರ ತಿಳಿಯದಿದ್ದರೆ ತಿಳಿದ ಉಸ್ತಾದರನ್ನು ವಿಚಾರಿಸುವವರೆಗೆ ತಡೆಯೋಣ. ಮನೆಯ ಮಕ್ಕಳಿಗೆ ಹದೀಸ್ ಕಲಿಸುವಾಗ ವಚನದ ಜೊತೆಗೆ ಗ್ರಂಥದ ಹೆಸರನ್ನೂ ಕಲಿಸೋಣ.

ಇಮಾಮ್ ಅಬೂದಾವೂದ್ ತಮ್ಮ ಗ್ರಂಥದ ಕುಂದನ್ನು ತಾವೇ ಪತ್ರ ಬರೆದು ತಿಳಿಸಿದರು. ಇಮಾಮ್ ತಿರ್ಮಿದಿ ಹದೀಸ್ ಹದೀಸ್‌ಗೂ ದರ್ಜೆ ನಮೂದಿಸಿದರು. ಅವರು ಇಷ್ಟೊಂದು ಪ್ರಾಮಾಣಿಕರಾಗಿ ಬರೆದಿಟ್ಟದ್ದನ್ನು ಓದದೆ, ಅವರ ನಂತರದವರು ಅನುಕೂಲಕ್ಕಾಗಿ ಇಟ್ಟ ಹೆಸರನ್ನು ಮಾತ್ರ ಓದಿದರೆ ಅದು ಆ ಮಹನೀಯರಿಗೆ ನಾವು ಸಲ್ಲಿಸುವ ಗೌರವವಾಗಲಾರದು. ಅಲ್ಲಾಹನು ಆ ಆರು ಇಮಾಮರಿಗೂ ಅವರ ಗ್ರಂಥಗಳ ಸೇವೆ ಮಾಡಿದ ಎಲ್ಲ ವಿದ್ವಾಂಸರಿಗೂ ಉತ್ತಮ ಪ್ರತಿಫಲವನ್ನು ದಯಪಾಲಿಸಲಿ. ತನ್ನ ಪ್ರವಾದಿಯವರ(ಸ) ವಚನಗಳನ್ನು ತಿಳಿದು ಹೇಳುವ, ತಿಳಿಯದಿದ್ದಾಗ ಮೌನವಾಗಿರುವ ವಿವೇಕವನ್ನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.